ಬೀಗ ಹಾಕಿದವರೇ ಲೆಕ್ಕ ಕೊಡಬೇಕು

ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ನಾಲ್ಕು ಪತ್ರ ತೆಗೆದುಕೊಂಡಿದ್ದೇನೆ. ನಾಲ್ಕೂ ಜೈಲಿನಲ್ಲಿ ಆದ ಸಾವಿನ ಬಗ್ಗೆಯೇ ಇವೆ. ಮೊದಲ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅದಕ್ಕೇ ಅದಕ್ಕೆ ಜಾಸ್ತಿ ಜಾಗ ಹೋಗಿದೆ. ಹೆಸರು, ಜೈಲು ಎಲ್ಲ ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾವು ಸಕಲೇಶಪುರ ಕಡೆ ಕಾಫಿ ತೋಟದ ಲೈನ್ ಮನೆಯವರು. ಅಣ್ಣನಿಗೆ 38 ವರ್ಷ. ಹಳೇ ಜಗಳದ ಕೇಸಿಗೆ ಕೋರ್ಟಿಗೆ ಹೋಗದೆ ವಾರಂಟ್ ಆಗಿತ್ತು. ಶನಿವಾರ ಹಿಡಿದುಕೊಂಡು ಹೋದರು, ಭಾನುವಾರ ಜೈಲಿಗೆ ಹಾಕಿದರು. ಅವನು ದಿನಾ ಕುಡಿಯುತ್ತಿದ್ದ, ಸುಳ್ಳು ಹೇಳಲ್ಲ. ಮಂಗಳವಾರ ಅತ್ತಿಗೆ ನೋಡೋಕೆ ಹೋದಾಗ ಕೈ ಕಾಲು ನಡುಗುತ್ತಿತ್ತಂತೆ, ಗೋಡೆ ಮೇಲೆ ಇರುವೆ ಹರಿದಾಡ್ತಿದೆ ಅಂತ ಒಂದೇ ಸಮ ಹೇಳುತ್ತಿದ್ದನಂತೆ. ಡಾಕ್ಟರಿಗೆ ತೋರಿಸಿ ಅಂತ ಅತ್ತಿಗೆ ಕೇಳಿಕೊಂಡರೆ ‘ಕುಡಿಯೋರೆಲ್ಲ ಹಿಂಗೇ, ಎರಡು ದಿನಕ್ಕೆ ಸರಿಹೋಗ್ತಾನೆ’ ಅಂದು ಕಳಿಸಿದರಂತೆ. ಬುಧವಾರ ಬೆಳಿಗ್ಗೆ ಫೋನ್ ಬಂತು. ಆಸ್ಪತ್ರೆಗೆ ತರುವಾಗ ದಾರಿಯಲ್ಲಿ ತೀರಿಕೊಂಡ, ಹಾರ್ಟ್ ಅಟ್ಯಾಕ್ ಅಂದರು. ಪೋಸ್ಟ್‌ಮಾರ್ಟಂ ಆಯಿತು, ಹೂತಿದ್ದೇವೆ. ಮೈ ಮೇಲೆ ಹೊಡೆದ ಗುರುತು ಇರಲಿಲ್ಲ. ಈಗ ಒಬ್ಬರು ಬಂದು ‘ಸಾವಿನ ಬಗ್ಗೆ ನಮಗೆ ಯಾವ ಅನುಮಾನವೂ ಇಲ್ಲ’ ಎಂದು ಟೈಪ್ ಮಾಡಿದ ಕಾಗದಕ್ಕೆ ಅತ್ತಿಗೆಯ ಸಹಿ ಕೇಳುತ್ತಿದ್ದಾರೆ, ಹಾಕಿದರೆ ದಾಖಲೆ ಬೇಗ ಕೈಗೆ ಸಿಗುತ್ತೆ ಅಂತಾರೆ. ಯಾರೂ ಹೊಡೆದಿಲ್ಲ ಅಂದಮೇಲೆ ಕೇಸು ಆಗುತ್ತಾ?

ಉತ್ತರ: ತಂಗಿ, ಮೊದಲು ಆ ಕಾಗದದ ವಿಷಯ. ಸಹಿ ಹಾಕಬೇಡಿ. ಅತ್ತಿಗೆಗೂ ಹೇಳಿ, ಅವರ ಅಣ್ಣ ತಮ್ಮಂದಿರಿಗೂ ಹೇಳಿ, ತೋಟದ ರೈಟರ್ ಬಂದು ಒತ್ತಾಯ ಮಾಡಿದರೂ ಹಾಕಬೇಡಿ. ಸಹಿ ಹಾಕದಿದ್ದರೆ ಮರಣ ಪ್ರಮಾಣಪತ್ರ ಸಿಗಲ್ಲ ಅನ್ನೋದು ಸುಳ್ಳು. ಪೋಸ್ಟ್‌ಮಾರ್ಟಂ ವರದಿ ಕೇಳೋಕೂ ಆ ಕಾಗದಕ್ಕೂ ಸಂಬಂಧವೇ ಇಲ್ಲ. ನಾನು ಹಾಸನದ ಕೋರ್ಟಿನಲ್ಲಿ ಇಷ್ಟು ವರ್ಷದಲ್ಲಿ ಕಂಡಿದ್ದು ಏನಂದ್ರೆ, ದುಃಖದಲ್ಲಿ ಇರುವ ಮನೆಯವರು ಏನು ಬರೆದಿದೆ ಅಂತ ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಿಬಿಡುತ್ತಾರೆ, ಆಮೇಲೆ ಆರು ತಿಂಗಳು ಕಳೆದು ನ್ಯಾಯ ಕೇಳೋಕೆ ಹೋದರೆ ಎದುರಿನವರು ಮೊದಲು ತೆಗೆದು ತೋರಿಸುವುದೇ ಆ ಹಾಳೆಯನ್ನು. ಈಗಾಗಲೇ ಸಹಿ ಬಿದ್ದಿದ್ದರೂ ಎಲ್ಲಾ ಮುಗಿಯಿತು ಅಂತಲ್ಲ. ಓದಿ ಹೇಳದೆ ಹಾಕಿಸಿಕೊಂಡರು ಎಂದು ಇವತ್ತೇ ಒಂದು ಅರ್ಜಿ ಬರೆದು ಕಳಿಸಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರ್ತೀನಿ. ಹೊಡೆದಿದ್ದರೆ ಮಾತ್ರ ಕೇಸು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹಾಗಲ್ಲ. ನೀವು ಮನೆಯಲ್ಲಿದ್ದಾಗ ಎದೆ ನೋವು ಬಂದರೆ ಏನು ಮಾಡ್ತೀರಿ? ಪಕ್ಕದ ಮನೆಯವರನ್ನ ಕೂಗ್ತೀರಿ, ಜೀಪು ಹಿಡಿದು ಆಸ್ಪತ್ರೆಗೆ ಹೋಗ್ತೀರಿ. ಜೈಲಿನಲ್ಲಿ ಇರುವವನು ಇದರಲ್ಲಿ ಒಂದನ್ನೂ ಮಾಡೋಕಾಗಲ್ಲ. ಬಾಗಿಲ ಕೀಲಿ ಅವನ ಕೈಯಲ್ಲಿಲ್ಲ. ಹಾಗಾಗಿ ಅವನ ಜೀವ ನೋಡಿಕೊಳ್ಳುವ ಹೊಣೆ ಪೂರ್ತಿ ಕೀಲಿ ಹಿಡಿದವರ ಮೇಲೆ ಬೀಳುತ್ತೆ. ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕು ಜೈಲಿನ ಗೇಟಿನಲ್ಲಿ ನಿಲ್ಲುವುದಿಲ್ಲ, ಒಳಗೂ ಬರುತ್ತೆ. ಇದನ್ನ ಸುಪ್ರೀಂ ಕೋರ್ಟ್ ಒಂದಲ್ಲ ಹತ್ತಾರು ತೀರ್ಪಿನಲ್ಲಿ ಹೇಳಿದೆ.

ನಿಮ್ಮ ಅಣ್ಣನ ಲಕ್ಷಣ ಓದಿ ನನಗೆ ತೋಚಿದ್ದು ಹೇಳ್ತೀನಿ. ನಾನು ಡಾಕ್ಟರ್ ಅಲ್ಲ, ಕೊನೆಗೆ ಹೇಳಬೇಕಾದವರು ಅವರೇ. ಆದರೆ ಇಂಥ ಕೇಸುಗಳಲ್ಲಿ ವೈದ್ಯರು ಕೋರ್ಟಿನಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ವರ್ಷಗಟ್ಟಲೆ ದಿನಾ ಕುಡಿಯುವವನಿಗೆ ಒಮ್ಮೆಲೇ ಕುಡಿತ ನಿಂತರೆ ಮೊದಲ ದಿನವೇ ನಡುಕ, ಬೆವರು ಶುರುವಾಗುತ್ತೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನದ ಮಧ್ಯೆ ಕೆಲವರಿಗೆ ಬುದ್ಧಿ ಭ್ರಮೆಯಾಗಿ ಇರುವೆ, ಹಾವು, ಜನ ಎಲ್ಲ ಕಾಣಿಸೋಕೆ ಶುರುವಾಗುತ್ತೆ, ಜ್ವರ ಏರುತ್ತೆ, ಎದೆ ಬಡಿತ ಹೆಚ್ಚುತ್ತೆ. ಹಾಗೇ ಬಿಟ್ಟರೆ ಸಾಯಲೂಬಹುದು. ಆಸ್ಪತ್ರೆಗೆ ಸೇರಿಸಿದರೆ ಬಹಳ ಜನ ಉಳಿಯುತ್ತಾರೆ, ಅದಕ್ಕೆ ಔಷಧಿ ಇದೆ, ಡ್ರಿಪ್ ಇದೆ, ವಿಟಮಿನ್ ಬಿ1 ಇಂಜೆಕ್ಷನ್ ಇದೆ. ನಿಮ್ಮ ಅಣ್ಣ ಶನಿವಾರ ಸಿಕ್ಕಿದ್ದು, ಮಂಗಳವಾರ ಇರುವೆ ಕಂಡಿದ್ದು. ಮಧ್ಯೆ ಮೂರು ದಿನ. ಲೆಕ್ಕ ಸರಿಯಾಗಿ ಕೂರುತ್ತೆ ಅಲ್ವಾ? ನಮ್ಮ ಮಲೆನಾಡಿನ ತೋಟಗಳಲ್ಲಿ ಸಂಜೆಯಾದರೆ ಕುಡಿಯುವ ಗಂಡಸರು ಎಷ್ಟು ಜನ ಅಂತ ಇಲ್ಲಿ ಕೆಲಸ ಮಾಡುವ ಪ್ರತಿ ಪೊಲೀಸಿನವರಿಗೂ, ಜೈಲಿನವರಿಗೂ ಗೊತ್ತು. ಗೊತ್ತಿದ್ದೂ ನೋಡದೆ ಬಿಟ್ಟರೆ ಅದು ಅಲಕ್ಷ್ಯ. ಕಾನೂನಿನಲ್ಲಿ ಅಲಕ್ಷ್ಯಕ್ಕೆ ಶಿಕ್ಷೆ ಇದೆ.

ಯಾವ ಕಲಂ ಅಂತ ಕೇಳ್ತೀರಿ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ಅಲಕ್ಷ್ಯದಿಂದ ಸಾವು, ಐದು ವರ್ಷದವರೆಗೆ ಜೈಲು. ಸಾಯಬಹುದು ಎಂದು ತಿಳಿದೂ ಸುಮ್ನೆ ಬಿಟ್ಟರು ಎಂದು ಸಾಬೀತಾದರೆ 105ನೇ ಕಲಂ, ಅಂದರೆ ಕೊಲೆಯಲ್ಲದ ನರಹತ್ಯೆಯವರೆಗೂ ಹೋಗಬಹುದು, ಆದರೆ ಅದನ್ನ ಸಾಬೀತು ಮಾಡೋದು ಕಷ್ಟ, ಆಸೆ ಹುಟ್ಟಿಸಲ್ಲ. ಇನ್ನೊಂದು ಅಡ್ಡಿಯೂ ಬರುತ್ತೆ. ಸರ್ಕಾರಿ ನೌಕರರ ಮೇಲೆ ಕೇಸು ನಡೆಸಲು ಸರ್ಕಾರದ ಮಂಜೂರಾತಿ ಬೇಕು ಎಂದು ಅವರ ವಕೀಲರು ತಕರಾರು ತೆಗೆಯುತ್ತಾರೆ. ಕರ್ತವ್ಯಕ್ಕೆ ಸಂಬಂಧಪಟ್ಟ ಕೆಲಸವಾದರೆ ಬೇಕಾಗಬಹುದು, ನಿಜ. ಹಳೇ ಕಾಲದಲ್ಲಿ ಆ ಫೈಲು ವರ್ಷಗಟ್ಟಲೆ ಕೊಳೆಯುತ್ತಿತ್ತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂ ಪ್ರಕಾರ 120 ದಿನದಲ್ಲಿ ಸರ್ಕಾರ ತೀರ್ಮಾನ ಮಾಡದಿದ್ದರೆ ಮಂಜೂರಾತಿ ಕೊಟ್ಟ ಹಾಗೇ ಲೆಕ್ಕ.

ಇದಕ್ಕಿಂತ ಮೊದಲು ಆಗಬೇಕಾದ್ದು ವಿಚಾರಣೆ. ಪೊಲೀಸರು ಯುಡಿಆರ್ (ಅಸಹಜ ಸಾವಿನ ವರದಿ) ಹಾಕಿ ಪಂಚನಾಮೆ ಮಾಡಿ ಮುಗಿಸಿದರೆ ಸಾಲದು. ಕೋರ್ಟು ಒಪ್ಪಿಸಿದ ಬಂಧನದಲ್ಲಿ ಯಾರಾದರೂ ಸತ್ತರೆ ಮ್ಯಾಜಿಸ್ಟ್ರೇಟ್ ಪ್ರತ್ಯೇಕವಾಗಿ ವಿಚಾರಣೆ ಮಾಡಬೇಕು ಎಂದು ಅದೇ ಸುರಕ್ಷಾ ಸಂಹಿತೆಯ 196ನೇ ಕಲಂ ಹೇಳುತ್ತೆ. ಇಲ್ಲಿ ಮ್ಯಾಜಿಸ್ಟ್ರೇಟ್ ಅಂದರೆ ತಹಶೀಲ್ದಾರರಲ್ಲ, ಉಪವಿಭಾಗದ ಎಸಿ ಸಾಹೇಬರಲ್ಲ, ಕೋರ್ಟಿನ ನ್ಯಾಯಾಧೀಶರು. 2005ರ ತಿದ್ದುಪಡಿಯಲ್ಲಿ ಬಂದ ಈ ನಿಯಮ 2006ರಿಂದ ಜಾರಿಯಲ್ಲಿದೆ, 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲೂ ಮುಂದುವರಿದಿದೆ. ಸಾಧ್ಯವಿದ್ದ ಕಡೆಯೆಲ್ಲ ಹತ್ತಿರದ ಸಂಬಂಧಿಕರಿಗೆ ತಿಳಿಸಿ ವಿಚಾರಣೆಯಲ್ಲಿ ಹಾಜರಿರಲು ಬಿಡಬೇಕು ಅಂತಲೂ ಅದರಲ್ಲೇ ಇದೆ. ನಿಮ್ಮನ್ನು ಯಾರಾದರೂ ಕರೆದರಾ? ಕರೆದಿಲ್ಲ ಅಂತ ಕಾಣುತ್ತೆ, ಪತ್ರದಲ್ಲಿ ಆ ಮಾತೇ ಇಲ್ಲ. ‘ಅನುಮಾನ ಇಲ್ಲ’ ಎಂಬ ಕಾಗದ ಯಾಕೆ ಬೇಕಾಗಿದೆ ಅಂತ ಈಗ ಗೊತ್ತಾಯಿತಲ್ಲ. ಅದೊಂದು ಹಾಳೆ ಫೈಲಿನಲ್ಲಿ ಕೂತರೆ ಈ ವಿಚಾರಣೆ ಒಣ ಶಾಸ್ತ್ರವಾಗಿ ಮುಗಿಯುತ್ತೆ.

ಹಾರ್ಟ್ ಅಟ್ಯಾಕ್ ಅಂದರು ಎಂದು ಬರೆದಿದ್ದೀರಿ. ಹೃದಯ ನಿಂತಿತು ಅನ್ನೋದು ಎಲ್ಲಾ ಸಾವಿನಲ್ಲೂ ನಿಜ. ಯಾಕೆ ನಿಂತಿತು ಅನ್ನೋದು ಪ್ರಶ್ನೆ. ಪೋಸ್ಟ್‌ಮಾರ್ಟಂ ಮಾಡಿದ ವೈದ್ಯರು ಒಳ ಅಂಗಾಂಗದ ಭಾಗವನ್ನು ವಿಧಿವಿಜ್ಞಾನ ಪ್ರಯೋಗಾಲಯವಾದ ಎಫ್‌ಎಸ್‌ಎಲ್‌ಗೆ ಕಳಿಸಿದ್ದರೆ ಕೊನೇ ಅಭಿಪ್ರಾಯ ಇನ್ನೂ ಬಂದಿರಲ್ಲ, ಅದನ್ನ ಕೇಳಿ. ಬಂಧನದ ಸಾವಿನಲ್ಲಿ ಶವಪರೀಕ್ಷೆಯನ್ನು ವಿಡಿಯೋ ಮಾಡಬೇಕು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1995ರಲ್ಲೇ ರಾಜ್ಯಗಳಿಗೆ ಬರೆದಿದೆ. ಆ ವಿಡಿಯೋ ಕೇಳಿ. ಹೂತಿದ್ದೀರಿ ಅಂದಿರಲ್ಲ, ಅದು ಒಂದು ರೀತಿಯಲ್ಲಿ ಒಳ್ಳೆಯದಾಯಿತು. ಮ್ಯಾಜಿಸ್ಟ್ರೇಟರಿಗೆ ಬೇಕು ಅನ್ನಿಸಿದರೆ ಮತ್ತೆ ಹೊರತೆಗೆಸಿ ಪರೀಕ್ಷೆ ಮಾಡಿಸುವ ಅಧಿಕಾರ ಅವರಿಗಿದೆ. ಆ ಮಾತು ನಿಮಗೆ ಕೇಳೋಕೂ ಕಷ್ಟ ಅಂತ ಗೊತ್ತು, ಆದರೂ ಹೇಳಲೇಬೇಕಾಗಿತ್ತು.

ಇನ್ನು ದಾಖಲೆ. ಇಂಥ ಕೇಸು ಗೆಲ್ಲೋದು, ಸೋಲೋದು ಎಲ್ಲ ಹೊತ್ತಿನ ಲೆಕ್ಕದಲ್ಲಿ. ಜೈಲಿಗೆ ಸೇರಿಸುವಾಗ ಮಾಡಿದ ಆರೋಗ್ಯ ತಪಾಸಣೆಯ ಹಾಳೆಯಲ್ಲಿ ಕುಡಿತದ ವಿಷಯ ಬರೆದಿದ್ದಾರಾ? ಜೈಲಿನ ವೈದ್ಯರ ಪುಸ್ತಕದಲ್ಲಿ ಸೋಮವಾರ, ಮಂಗಳವಾರ ಅಣ್ಣನ ಹೆಸರು ಇದೆಯಾ? ಅತ್ತಿಗೆ ಭೇಟಿಗೆ ಹೋದದ್ದು ಭೇಟಿ ಪುಸ್ತಕದಲ್ಲಿ ಇರಲೇಬೇಕು, ಅದು ನಿಮ್ಮ ಗಟ್ಟಿ ಸಾಕ್ಷಿ. ಗೇಟ್ ಪುಸ್ತಕದಲ್ಲಿ ಗಾಡಿ ಹೊರಟ ಹೊತ್ತು ಒಂದಿರುತ್ತೆ, ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಬಂದ ಹೊತ್ತು ಇನ್ನೊಂದಿರುತ್ತೆ, ಎರಡರ ಮಧ್ಯೆ ಅರ್ಧ ಗಂಟೆ ದಾರಿಗೆ ಎರಡು ಗಂಟೆ ಅಂತರ ಇದ್ದರೆ ಯಾರಾದರೂ ಉತ್ತರ ಹೇಳಬೇಕಾಗುತ್ತೆ. ಎಸ್ಕಾರ್ಟ್‌ಗೆ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ (ಡಿಎಆರ್) ಪೊಲೀಸರು ಬಂದಿರಲಿಲ್ಲ, ಅದಕ್ಕೇ ತಡ ಆಯಿತು ಅನ್ನೋ ಮಾತು ಬಂದೇ ಬರುತ್ತೆ. ಎಸ್ಕಾರ್ಟ್ ಕೇಳಿ ಬರೆದ ಪತ್ರ ಎಷ್ಟು ಹೊತ್ತಿಗೆ ಹೋಯಿತು ಅಂತ ಆಗ ಕೇಳಿ. ಜೀವ ಹೋಗುತ್ತಿರುವವನನ್ನು ಕಾವಲಿಗೆ ಜನ ಇಲ್ಲ ಅಂತ ಒಳಗೇ ಮಲಗಿಸಿಕೊಂಡಿದ್ದರೆ ಅದೂ ಅಲಕ್ಷ್ಯವೇ ಅನ್ನೋದು ನನ್ನ ಖಚಿತ ಅಭಿಪ್ರಾಯ. ಜೈಲಿನ ಸಿಸಿಟಿವಿ ದೃಶ್ಯ ಹೆಚ್ಚು ದಿನ ಉಳಿಯಲ್ಲ, ಹಳೆಯದರ ಮೇಲೆ ಹೊಸದು ಕೂರುತ್ತೆ. ಇದನ್ನ ತೆಗೆದಿಡಿ, ಅಳಿಸಬೇಡಿ ಎಂದು ಈ ವಾರವೇ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಿ. ಶನಿವಾರ ರಾತ್ರಿ ಠಾಣೆಯಲ್ಲಿ ಇಟ್ಟಿದ್ದರಲ್ಲ, ಅಲ್ಲಿನ ದೃಶ್ಯವನ್ನೂ ಕೇಳಿ. ಠಾಣೆಗಳ ಕ್ಯಾಮೆರಾ ದೃಶ್ಯವನ್ನು 18 ತಿಂಗಳು, ಕನಿಷ್ಠ ಒಂದು ವರ್ಷವಾದರೂ ಇಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಆದೇಶ ಮಾಡಿದೆ. ಅಣ್ಣನ ಜೊತೆ ಒಂದೇ ಬ್ಯಾರಕ್‌ನಲ್ಲಿ ಇದ್ದು ಜಾಮೀನಿನ ಮೇಲೆ ಹೊರಗೆ ಬಂದವರು ಯಾರಾದರೂ ಇದ್ದರೆ ಹುಡುಕಿ. ರಾತ್ರಿ ಅವನು ಕೂಗಿದ್ದು, ಜೊತೆಗಿದ್ದವರು ಬಾಗಿಲು ಬಡಿದದ್ದು, ಅವರಿಗೆ ಗೊತ್ತಿರುತ್ತೆ.

ಪರಿಹಾರದ ಮಾತು ಕೊನೆಗೆ ಇಟ್ಟೆ, ಯಾಕಂದ್ರೆ ಹಣಕ್ಕಾಗಿ ಮಾಡ್ತಿದ್ದಾರೆ ಅಂತ ಊರಲ್ಲಿ ಆಡಿಕೊಳ್ಳೋರು ಇರ್ತಾರೆ. ಅವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಒಡಿಶಾದಲ್ಲಿ 1987ರಲ್ಲಿ 22 ವರ್ಷದ ಹುಡುಗನನ್ನು ಪೊಲೀಸರು ಕರೆದುಕೊಂಡು ಹೋದರು, ಮಾರನೇ ದಿನ ಹೆಣ ರೈಲು ಹಳಿ ಮೇಲೆ ಸಿಕ್ಕಿತು. ತಪ್ಪಿಸಿಕೊಂಡು ಓಡಿಹೋಗಿ ರೈಲಿಗೆ ಸಿಕ್ಕ ಅಂದರು. ಅವನ ತಾಯಿ ನೀಲಾಬತಿ ಬೆಹೆರಾ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು, ಅಷ್ಟೇ. ಆ ಪತ್ರವನ್ನೇ ಅರ್ಜಿ ಅಂತ ತೆಗೆದುಕೊಂಡ ಕೋರ್ಟು 1993ರಲ್ಲಿ 1.5 ಲಕ್ಷ ರೂಪಾಯಿ ಕೊಡಲು ಹೇಳಿತು. ಪೊಲೀಸ್ ಇರಲಿ, ಜೈಲಿರಲಿ, ಬಂಧನದಲ್ಲಿ ಇರುವವನ ಜೀವಕ್ಕೆ ಸರ್ಕಾರವೇ ಹೊಣೆ, ಸರ್ಕಾರ ಅನ್ನೋ ಕಾರಣಕ್ಕೆ ತಪ್ಪಿಸಿಕೊಳ್ಳುವ ಹಾಗಿಲ್ಲ ಅನ್ನೋದು ಆ ತೀರ್ಪಿನ ತಿರುಳು. ನಿಮ್ಮ ಅತ್ತಿಗೆಯೂ ಮಕ್ಕಳೂ ಇದೇ ದಾರಿಯಲ್ಲಿ ಬೆಂಗಳೂರಿನ ಹೈಕೋರ್ಟಿನಲ್ಲಿ ರಿಟ್, ಅಂದರೆ ಹಕ್ಕು ಮುರಿದದ್ದಕ್ಕೆ ನೇರ ಅರ್ಜಿ, ಹಾಕಬಹುದು. ಮೊದಲು ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿಟ್ಟುಕೊಳ್ಳಿ.

ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಸಕಲೇಶಪುರ ಕೋರ್ಟಿನಲ್ಲೇ ತಾಲ್ಲೂಕು ಸಮಿತಿ ಇದೆ, ಹಾಸನದ ಕೋರ್ಟಿನಲ್ಲಿ ಜಿಲ್ಲಾ ಪ್ರಾಧಿಕಾರ ಇದೆ, ಫೋನಿನಲ್ಲಿ ಕೇಳೋದಾದರೆ 15100. ಪೊಲೀಸರು ದೂರು ತೆಗೆದುಕೊಳ್ಳದಿದ್ದರೆ ಎಸ್ಪಿಯವರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಕುಯ್ಲಿನ ಸಮಯ, ರಜೆ ಸಿಗಲ್ಲ ಅಂತ ಮುಂದಕ್ಕೆ ಹಾಕಬೇಡಿ ತಂಗಿ. ಒಂದು ದಿನದ ಕೂಲಿ ಹೋದರೂ ಹೋಗಲಿ.

ಪ್ರಶ್ನೆ: ನನ್ನ ಮಗ ಒಂದು ಜೈಲಿನಲ್ಲಿ ವಾರ್ಡರ್. ಅವನ ರಾತ್ರಿ ಪಾಳಿಯಲ್ಲಿ ಒಬ್ಬ ವಿಚಾರಣಾಧೀನ ಕೈದಿ ನೇಣು ಹಾಕಿಕೊಂಡ. ಇಬ್ಬರೇ ಇದ್ದರು, ಮೂರು ಬ್ಯಾರಕ್ ನೋಡಬೇಕಿತ್ತು. ಮಗನನ್ನು ಸಸ್ಪೆಂಡ್ ಮಾಡಿದ್ದಾರೆ. ಮೇಲಿನವರಿಗೆ ಏನೂ ಆಗಿಲ್ಲ. ಕೆಳಗಿನವರೇ ಯಾವಾಗಲೂ ಸಿಕ್ಕಿಹಾಕಿಕೊಳ್ಳಬೇಕಾ? ಒಬ್ಬ ತಾಯಿ, ತರೀಕೆರೆ ಕಡೆಯವರು.

ಉತ್ತರ: ಅಮ್ಮ, ನಿಮ್ಮ ಪತ್ರವನ್ನು ಮೊದಲ ಪತ್ರದ ಪಕ್ಕದಲ್ಲೇ ಹಾಕಬೇಕು ಅನ್ನಿಸಿತು. ನಿಮ್ಮ ಸಂಕಟವೂ ನಿಜವೇ.

ಸಸ್ಪೆಂಡ್ ಅಂದರೆ ಶಿಕ್ಷೆ ಅಲ್ಲ, ವಿಚಾರಣೆ ಮುಗಿಯೋವರೆಗೆ ದೂರ ಇಡೋದು. ಆ ಅವಧಿಯಲ್ಲಿ ಜೀವನಾಧಾರ ಭತ್ಯೆ ಸಿಗಬೇಕು. ಸರ್ಕಾರಿ ನೌಕರರ ಶಿಸ್ತು ಕ್ರಮದ 1957ರ ಸಿಸಿಎ ನಿಯಮಗಳ ಪ್ರಕಾರ ಆರೋಪ ಪಟ್ಟಿ, ಅದರ ದಾಖಲೆ ಎಲ್ಲ ಕೈಗೆ ಕೊಟ್ಟು ಉತ್ತರ ಹೇಳಲು ಅವಕಾಶ ಕೊಡಬೇಕು. ಕ್ರಿಮಿನಲ್ ಹೊಣೆ ಬೇರೆ. ಅಲ್ಲಿ ನಿಮ್ಮ ಮಗ ಸ್ವಂತವಾಗಿ ಏನು ಮಾಡಿದ, ಏನು ಮಾಡಲಿಲ್ಲ ಅನ್ನೋದನ್ನ ನೋಡುತ್ತಾರೆ, ಪಾಳಿಯಲ್ಲಿ ಇದ್ದ ಎಂಬ ಒಂದೇ ಕಾರಣಕ್ಕೆ ಅಪರಾಧಿ ಆಗಲ್ಲ. ಆ ಕೈದಿ ಮಂಕಾಗಿದ್ದಾನೆ, ಊಟ ಬಿಟ್ಟಿದ್ದಾನೆ ಅಂತ ಮೊದಲೇ ಗೊತ್ತಿತ್ತಾ? ಗೊತ್ತಿದ್ದರೆ ಜೈಲರಿಗೆ ಹೇಳಿದ್ದನಾ? ಜನ ಸಾಲದು ಅಂತ ಹಿಂದೆ ಯಾವಾಗಲಾದರೂ ಬರೆದು ಕೊಟ್ಟಿದ್ದನಾ? ಬರೆದು ಕೊಟ್ಟಿದ್ದರೆ ಹೊಣೆ ಮೇಲಕ್ಕೆ ಹೋಗುತ್ತೆ. ಬಾಯಲ್ಲಿ ಹೇಳಿದ್ದರೆ ಯಾರ ಎದುರು ಹೇಳಿದ ಅಂತ ಈಗಲೇ ನೆನಪು ಮಾಡಿಕೊಂಡು ಬರೆದಿಡಲಿ.

ಒಂದು ಮಾತು ಕಟುವಾಗಿ ಹೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ರೌಂಡ್ಸ್ ಹೋಗದೆ ಹೋದಂತೆ ಪುಸ್ತಕದಲ್ಲಿ ಆಮೇಲೆ ತುಂಬಿಸಿದ್ದರೆ, ಅದು ಅಲಕ್ಷ್ಯಕ್ಕಿಂತ ದೊಡ್ಡ ತಪ್ಪು, ಬೇರೆಯೇ ಅಪರಾಧ. ಎಲ್ಲಾ ಗಂಟೆಯ ಸಹಿಯೂ ಒಂದೇ ಪೆನ್ನಿನಲ್ಲಿ ಒಂದೇ ಕೂತಲ್ಲಿ ಬಿದ್ದಿದ್ದರೆ ಕೋರ್ಟಿಗೆ ಗೊತ್ತಾಗುತ್ತೆ. ಹಾಗೆ ಮಾಡು ಅಂತ ಯಾರಾದರೂ ಹೇಳಿದ್ದರೆ ಅದನ್ನೂ ವಿಚಾರಣೆಯಲ್ಲಿ ಹೇಳಲಿ. ಮೇಲಿನವರನ್ನು ಕಾಪಾಡಲು ಮೌನವಾಗಿದ್ದ ವಾರ್ಡರನ್ನು ಮೇಲಿನವರು ಕಾಪಾಡಿದ್ದನ್ನು ನಾನು ಇದುವರೆಗೆ ನೋಡಿಲ್ಲ.

ಆತ್ಮಹತ್ಯೆಯೂ ಜೈಲಿನಲ್ಲಿ ಅಸಹಜ ಸಾವೇ. 2017ರ ಸೆಪ್ಟೆಂಬರಿನಲ್ಲಿ 1382 ಜೈಲುಗಳ ಸ್ಥಿತಿಯ ಬಗ್ಗೆ ಕೊಟ್ಟ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, 2012ರಿಂದ 2015ರ ನಡುವೆ ಜೈಲಿನಲ್ಲಿ ಅಸಹಜವಾಗಿ ಸತ್ತವರ ಮನೆಯವರನ್ನು ಹುಡುಕಿ ಪರಿಹಾರ ಕೊಡಿಸಿ ಎಂದು ಹೈಕೋರ್ಟ್‌ಗಳಿಗೆ ಹೇಳಿತ್ತು. ಮೊದಲ ಸಲ ಜೈಲಿಗೆ ಬಂದವರಿಗೆ ಆಪ್ತ ಸಮಾಲೋಚಕರು ಬೇಕು, ಮನೆಯವರ ಭೇಟಿ ಜಾಸ್ತಿ ಆಗಬೇಕು, ಜೈಲು ಸಿಬ್ಬಂದಿಗೆ ತರಬೇತಿ ಬೇಕು ಅಂತಲೂ ಹೇಳಿತ್ತು. ಇದೆಲ್ಲ ರಾತ್ರಿ ಪಾಳಿಯ ವಾರ್ಡರ್ ಒಬ್ಬ ಮಾಡುವ ಕೆಲಸ ಅಲ್ಲ. ಇಲಾಖೆ ಮಾಡಬೇಕಾದ್ದು. ನಿಮ್ಮ ಮಗನ ವಕೀಲರಿಗೆ ಈ ತೀರ್ಪು ತೋರಿಸಿ. ಸತ್ತ ಹುಡುಗನ ತಾಯಿಗೂ ಇದೇ ತೀರ್ಪು ಉಪಯೋಗಕ್ಕೆ ಬರುತ್ತೆ.

ಪ್ರಶ್ನೆ: ಚಿಕ್ಕಪ್ಪನ ಮಗನನ್ನು ಜೈಲಿನೊಳಗೆ ಇನ್ನೊಬ್ಬ ಕೈದಿ ಹೊಡೆದು ಕೊಂದ. ‘ಕೊಂದವನು ಕೈದಿ, ನಮ್ಮದೇನಿದೆ’ ಅಂತಾರೆ ಜೈಲಿನವರು. ಜೀವ ಬೆದರಿಕೆ ಇದೆ ಅಂತ ಅವನು ಮೊದಲೇ ಹೇಳಿದ್ದ. ಚಿಕ್ಕಮಗಳೂರಿನಿಂದ.

ಉತ್ತರ: ಇದಕ್ಕೆ ನೇರವಾಗಿ ಹೊಂದುವ ತೀರ್ಪೇ ಇದೆ. ಆಂಧ್ರದಲ್ಲಿ ಆಗ ಕರ್ನೂಲು ಜಿಲ್ಲೆಗೆ ಸೇರಿದ್ದ ಕೋಯಿಲಕುಂಟ್ಲ ಸಬ್ ಜೈಲಿನಲ್ಲಿ 1977ರ ಮೇ ತಿಂಗಳ ಒಂದು ರಾತ್ರಿ ಹೊರಗಿನವರು ನುಗ್ಗಿ ತಂದೆ ಮಗ ಇದ್ದ ಕೋಣೆಗೆ ಬಾಂಬ್ ಎಸೆದರು. ತಂದೆ ಸತ್ತರು, ಮಗ ಗಾಯವಾಗಿ ಬದುಕಿದ. ಜೀವಕ್ಕೆ ಅಪಾಯ ಇದೆ, ಕಾವಲು ಕೊಡಿ ಎಂದು ಅವರು ಮೊದಲೇ ಕೇಳಿಕೊಂಡಿದ್ದರು. ಇದು ಸರ್ಕಾರದ ಸಾರ್ವಭೌಮ ಕೆಲಸ, ನಷ್ಟ ಕೊಡಬೇಕಾಗಿಲ್ಲ ಎಂದು ಸರ್ಕಾರ ಸುಪ್ರೀಂ ಕೋರ್ಟಿನವರೆಗೂ ವಾದ ಮಾಡಿತು. 2000ದಲ್ಲಿ ಕೋರ್ಟು ಆ ವಾದವನ್ನು ತಳ್ಳಿಹಾಕಿ ಹೈಕೋರ್ಟ್ ಕೊಟ್ಟಿದ್ದ 1,44,000 ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ಅಲ್ಲಿ ಹೊರಗಿನವರು ಕೊಂದಿದ್ದಕ್ಕೇ ಸರ್ಕಾರ ಹೊಣೆ ಹೊತ್ತಿತು, ನಿಮ್ಮಲ್ಲಿ ಒಳಗೆ ಇದ್ದವನೇ ಕೊಂದಿದ್ದಾನೆ. ಬೆದರಿಕೆ ಇದೆ ಅಂತ ಅವನು ಯಾರಿಗೆ, ಯಾವತ್ತು ಹೇಳಿದ, ಕೋರ್ಟಿಗೆ ಹಾಜರು ಮಾಡಿದಾಗ ನ್ಯಾಯಾಧೀಶರಿಗೆ ಹೇಳಿದ್ದನಾ, ವಕೀಲರು ಅರ್ಜಿ ಹಾಕಿದ್ದರಾ, ಅಷ್ಟನ್ನು ಹುಡುಕಿ. ನ್ಯಾಯಾಲಯದ ಆರ್ಡರ್ ಶೀಟಿನಲ್ಲಿ ಒಂದು ಸಾಲು ಸಿಕ್ಕರೂ ಸಾಕು.

ಪ್ರಶ್ನೆ: ತಮ್ಮ ಜೈಲಿನಲ್ಲಿ ಸತ್ತು ಒಂದೂವರೆ ವರ್ಷ ಆಯಿತು. ಸರ್ಕಾರದಿಂದ ಸ್ವಲ್ಪ ಪರಿಹಾರ ಬಂತು. ಹಣ ತೆಗೆದುಕೊಂಡ ಮೇಲೆ ಕೇಸು ಮುಗಿಯಿತು ಅಂತಾರೆ, ಹೌದಾ? ಬೇಲೂರಿನಿಂದ.

ಉತ್ತರ: ಇಲ್ಲ. ಪರಿಹಾರ ಕೊಟ್ಟಿದ್ದು ಸರ್ಕಾರ, ಹಕ್ಕು ಮುರಿದದ್ದಕ್ಕೆ. ತಪ್ಪು ಮಾಡಿದವರ ಮೇಲಿನ ಕ್ರಿಮಿನಲ್ ಕೇಸು ಅದರಿಂದ ಸಾಯಲ್ಲ, ಇಲಾಖಾ ವಿಚಾರಣೆಯೂ ನಿಲ್ಲಲ್ಲ. ಕೊಟ್ಟ ಹಣವನ್ನು ತಪ್ಪಿತಸ್ಥ ನೌಕರರಿಂದ ವಸೂಲಿ ಮಾಡಿಕೊಳ್ಳಲು ಸರ್ಕಾರಕ್ಕೆ ದಾರಿ ಇದೆ. ಆದರೆ ದಿನದ ಲೆಕ್ಕ ನೋಡಿಕೊಳ್ಳಿ. ಮಾನವ ಹಕ್ಕುಗಳ ಆಯೋಗ ಘಟನೆ ಆಗಿ ಒಂದು ವರ್ಷ ದಾಟಿದ ದೂರನ್ನು ವಿಚಾರಣೆಗೆ ತೆಗೆದುಕೊಳ್ಳೋ ಹಾಗಿಲ್ಲ, ಕಾಯ್ದೆಯ 36ನೇ ಕಲಂನಲ್ಲೇ ಹಾಗಿದೆ, ಹೊಸದಾಗಿ ಆ ಬಾಗಿಲಿಗೆ ಹೋಗೋದು ನಿಮಗೆ ಕಷ್ಟ. ಕ್ರಿಮಿನಲ್ ದೂರಿನ ವಿಷಯ ಹಾಗಲ್ಲ. ಸಾವು 2024ರ ಜುಲೈ 1ಕ್ಕಿಂತ ಮೊದಲು ಆಗಿದ್ದರೆ ಹಳೇ ಐಪಿಸಿಯ 304-ಎ ಕಲಂ ಅನ್ವಯ, ಅದಕ್ಕೆ ಶಿಕ್ಷೆ ಎರಡು ವರ್ಷದವರೆಗೆ, ಹಾಗಾಗಿ ಕೋರ್ಟು ಕೇಸು ಕೈಗೆತ್ತಿಕೊಳ್ಳಲು ಮೂರು ವರ್ಷದ ಗಡುವು. ಆಮೇಲೆ ಆಗಿದ್ದರೆ ಹೊಸ 106ನೇ ಕಲಂ, ಶಿಕ್ಷೆ ಐದು ವರ್ಷದವರೆಗೆ ಇರುವುದರಿಂದ ಆ ಗಡುವು ಇಲ್ಲ. ಮರಣ ಪ್ರಮಾಣಪತ್ರದ ತಾರೀಖು ನೋಡಿ, ಮ್ಯಾಜಿಸ್ಟ್ರೇಟ್ ವಿಚಾರಣಾ ವರದಿಯ ನಕಲಿಗೆ ಕೋರ್ಟಿನ ಕಾಪಿ ವಿಭಾಗದಲ್ಲಿ ಅರ್ಜಿ ಹಾಕಿ. ವರದಿ ಕೈಗೆ ಬಂದ ಮೇಲೆ ಮತ್ತೆ ಬರೆಯಿರಿ, ಅದನ್ನ ಓದಿ ಮುಂದಿನ ಹೆಜ್ಜೆ ಹೇಳ್ತೀನಿ.